ಚಾಕು ಎಷ್ಟಾದ್ರ ಭಾಳ ಆದ್ವು?

ಕಣದಾಗ ಒಂದು ಜೋಳದ ಕಾಳು ಬಿದ್ದಿದ್ರ ಅದಕ್ಕ ರಾಶಿ ಅನ್ನೂದಿಲ್ಲ. ಎರಡಿದ್ರೂ ಅನ್ನೂದಿಲ್ಲ, ಒಂದು ಬೊಗಸಿ ಇದ್ರೂ ಅನ್ನೂದಿಲ್ಲ. ತೂರಿ, ಹಸನ ಮಾಡಿ, ನಡುವ ಗುಡ್ಡಿ ಹಾಕಿ ಪೂಜಿ ಮಾಡಿದ ಮ್ಯಾಲ ಅದು ರಾಶಿ. ಎಷ್ಟನೇ ಕಾಳಿಗೆ ಅದು ರಾಶಿ ಆತು ಅಂತ ಯಾವ ಒಕ್ಕಲಿಗನ್ನ ಕೇಳಿದ್ರೂ ಹೇಳಾಕ ಬರೂದಿಲ್ಲ. ಆದ್ರ ರಾಶಿ ನೋಡಿದ್ರ ರಾಶಿ ಅಂತ ಎಲ್ಲಾರಿಗೂ ಗೊತ್ತಾಗತೈತಿ.

ಮನ್ಯಾಗಿನ ಸಾಮಾನಿಂದೂ ಹಿಂಗ ನೋಡ್ರಿ. ಸೀರಿ ಇಪ್ಪತ್ತಿದ್ರೂ ಕಡಿಮಿ ಅನಸ್ತಾವ, ಕುಕ್ಕರ ನಾಲ್ಕಾದ್ರ ಭಾಳ ಅನಸ್ತಾವ. ಚಮಚಾ ಐವತ್ತಿದ್ರೂ ಬೀಗರು ಬಂದಾಗ ಸಾಲೂದಿಲ್ಲ. ಹಂಗಾದ್ರ ಚಾಕು? ಅದೂ ಕಿಸೆದಾಗ ಇಟಗೊಳ್ಳೂ ಮಡಚೂ ಚಾಕು? ಎಷ್ಟಿದ್ರ ಸಾಕು, ಎಷ್ಟಾದ್ರ ಭಾಳ, ಯಾವಾಗ ಅದಕ್ಕ "ಸಂಗ್ರಹ" ಅನ್ನೂ ದೊಡ್ಡ ಹೆಸರು ಬರತೈತಿ? ಹೋದ ವರ್ಷ ನಮ್ಮ ಮನ್ಯಾಗ ಈ ಪ್ರಶ್ನೆ ಮ್ಯಾಲ ನಾಲ್ಕ ದಿನ ಮಾತು ನಡೀತು. ಅದನ್ನ ಮುಂದ ಹೇಳ್ತೀನಿ. ಮೊದಲ ಇದರ ಇತಿಹಾಸ ಸ್ವಲ್ಪ ನೋಡೂಣು. ಯಾಕಂದ್ರ ಚಾಕು ಎಣಿಸೂ ಕೆಲಸ ನಮ್ಮ ಮನ್ಯಾಗ ಶುರು ಆದದ್ದಲ್ಲ. ಸರಕಾರ ಎಣಿಸೈತಿ, ಕಾರ್ಖಾನಿಯವರು ಎಣಿಸ್ಯಾರ, ಮ್ಯೂಸಿಯಂ ಕಟ್ಟಿದವರು ಎಣಿಸ್ಯಾರ. ಒಬ್ಬೊಬ್ಬರ ಲೆಕ್ಕ ಒಂದೊಂದ ಥರ ಐತಿ.

ನನ್ನ ತವರಮನಿ ಬೆಳಗಾವಿ ಶಹಾಪುರ. ಗಂಡನ ಮನಿ ಖಾನಾಪುರ. ಎರಡೂ ಊರಿಗೆ ತಾಸು ಹೊತ್ತಿನ ದಾರಿ ಇದ್ರೂ ಕಬ್ಬಿಣದ ಲೆಕ್ಕ ಬ್ಯಾರೆ. ಶಹಾಪುರದಾಗ ನಮ್ಮ ಅವ್ವನ ಕಡೆ ಒಂದು ಈಳಿಗಿ, ಒಂದು ಕತ್ತರಿ, ಅಜ್ಜಿ ಸಂಚಿಯೊಳಗಿನ ಅಡಕೊತ್ತು, ಇಷ್ಟ. ಖಾನಾಪುರ ಅಂದ್ರ ಮಲೆನಾಡಿನ ಬಾಗಿಲ. ಮಲಪ್ರಭಾ ಹುಟ್ಟೂ ಕಣಕುಂಬಿ ಇದ ತಾಲೂಕಿನಾಗ ಐತಿ. ಮಳಿ, ಅಡವಿ, ಬಿದರು, ಹಲಸು, ಗೇರು. ಅಲ್ಲಿ ನಾನು ಮದುವ್ಯಾಗಿ ಹೋದಾಗ ಹಿತ್ತಲ ಬಾಗಿಲ ಹಿಂದ ಒಂದು ಮೂಲಿ ತುಂಬ ಕಬ್ಬಿಣ ಇತ್ತು. ಕಾಯಿಪಲ್ಲೆಕ್ಕ ಒಂದು ಈಳಿಗಿ, ಹಲಸಿನ ಹಣ್ಣಿಗೆ ಎಣ್ಣಿ ಸವರಿ ಇಟ್ಟ ಇನ್ನೊಂದು ದೊಡ್ಡ ಈಳಿಗಿ, ಕುಡಗೋಲು, ಕುರ್ಚಿಗಿ, ಕೊಡ್ಲಿ, ಬಿದರ ಕಡಿಯೂ ಕೊಯಿತಾ. ಎಣಿಸಿದ್ರ ಹನ್ನೆರಡು ಹದಿಮೂರು ಆಗತಿದ್ವು. ಆದ್ರ ಅದಕ್ಕ ಯಾರೂ "ಸಂಗ್ರಹ" ಅಂತಿದ್ದಿಲ್ಲ. ಪ್ರತಿಯೊಂದಕ್ಕೂ ಒಂದು ಕೆಲಸ, ಪ್ರತಿ ಕೆಲಸಕ್ಕ ಒಂದು ಕೈ ಇತ್ತು.

ಇದರ ಹಿಂದ ಒಂದು ಪದ್ಧತಿ ಇತ್ತು. ಮೊದಲ ನಮ್ಮ ಹಳ್ಳಿಗಳೊಳಗ ಕಂಬಾರ ಆಯಗಾರ ಆಗಿರತಿದ್ದ. ವರ್ಷಪೂರ್ತಿ ಊರವರ ಕುಡಗೋಲು, ಕೊಡ್ಲಿ, ಕುಳ ಎಲ್ಲಾ ತಟ್ಟಿ ಕೊಡೂದು, ಸುಗ್ಗಿ ಬಂದಾಗ ಕಣದಾಗ ತನ್ನ ಪಾಲಿನ ಕಾಳು ಒಯ್ಯೂದು. ರೊಕ್ಕದ ಮಾತಿದ್ದಿಲ್ಲ. ಅಲಗು ಸವೀತು ಅಂದ್ರ ಬಿಸಾಕತಿದ್ದಿಲ್ಲ. ಕುಲುಮಿಗೆ ಒಯ್ದು ಕೊಟ್ರ, ಸವೆದ ಕುಡಗೋಲು ಕುರ್ಚಿಗಿ ಆಗತಿತ್ತು, ಕುರ್ಚಿಗಿ ಸವೆದು ಚೂರಿ ಆಗತಿತ್ತು, ಚೂರಿನೂ ಸವೆದ್ರ ಯಾವುದರ ಹಿಡಿಕಿಗೋ ಬೆಣಿ ಆಗತಿತ್ತು. ಕಬ್ಬಿಣ ಮನಿಯಿಂದ ಕುಲುಮಿಗೆ, ಕುಲುಮಿಯಿಂದ ಮನಿಗೆ ತಿರಗತಾನ ಇರತಿತ್ತು. ಹಿಂಗ ತಿರಗೂ ಸಾಮಾನು ಗುಡ್ಡಿ ಬೀಳೂದ ಹೆಂಗ? ಅದಕ್ಕ ನಮ್ಮ ಹಳೆ ಮನಿಗಳೊಳಗ ತಾಮ್ರ ಹಿತ್ತಾಳಿ ಕೂಡಿ ಬಿದ್ದಾವ, ಕಬ್ಬಿಣ ಕೂಡಿ ಬಿದ್ದಿಲ್ಲ.

ಮಡಚೂ ಚಾಕು ಬಂದ ಮ್ಯಾಲ ಈ ಲೆಕ್ಕ ತಪ್ಪತು. ಮಡಚೂ ಚಾಕುವಿನ ಜೀವ ಇರೂದು ಅದರ ಬೆನ್ನಿನೊಳಗಿನ ಸ್ಪ್ರಿಂಗ್ ಪಟ್ಟಿಯೊಳಗ. ಅಲಗು ತಗದಾಗ ಅದು ಅಲಗಿನ ಬುಡ ಒತ್ತಿ ಹಿಡೀತೈತಿ, ಮಡಚಿದಾಗೂ ಒತ್ತಿ ಹಿಡೀತೈತಿ. ಅದಕ್ಕ ಅದು ಕಿಸೆದೊಳಗ ತಾನ ತೆರಕೊಳ್ಳೂದಿಲ್ಲ. ಕುಳ ತಟ್ಟೂ ಕುಲುಮಿಯೊಳಗ ಇಂಥಾ ನಾಜೂಕ ಕೆಲಸ ಸುಲಭ ಅಲ್ಲ. ಅದು ಪ್ಯಾಟಿಯಿಂದ ಬರೂ ಸಾಮಾನು, ರೊಕ್ಕ ಕೊಟ್ಟು ತಗೊಳ್ಳೂ ಸಾಮಾನು. ಸ್ಪ್ರಿಂಗ್ ಮುರೀತು ಅಂದ್ರ ಕಂಬಾರನ ಕಡೆ ಹೋಗೂದಿಲ್ಲ, ಡಬ್ಬಿಗೆ ಹೋಗತೈತಿ. ಹಿಂಗ ಡಬ್ಬಿಗೆ ಬಿದ್ದ ಮೊದಲನೇ ಚಾಕುವಿನಿಂದನ ಸಂಗ್ರಹ ಶುರು ಆತು ಅಂತ ನನಗ ಅನಸ್ತೈತಿ.

ಇನ್ನ ಕಿಸೆ ಅನ್ನೂದೂ ನಮ್ಮಲ್ಲಿ ಹೊಸಾದ. ಧೋತರಕ್ಕ ಕಿಸೆ ಎಲ್ಲೈತಿ? ಗಂಡಸರು ಕೀಲಿಕೈ, ಸಣ್ಣ ಚೂರಿ ಉಡದಾರಕ್ಕ ಕಟಗೊಳ್ತಿದ್ರು. ಹೊಲಿದ ಅಂಗಿ, ಕೋಟು ಬಂದ ಮ್ಯಾಲ ಬಕ್ಕಣ ಬಂತು, ಬಕ್ಕಣ ಬಂದ ಮ್ಯಾಲ ಬಕ್ಕಣದ ಚಾಕು ಬಂತು. ಹೆಣ್ಣಮಕ್ಕಳಿಗೆ ಸೀರಿಯೊಳಗ ಕಿಸೆ ಅವತ್ತೂ ಇದ್ದಿಲ್ಲ, ಇವತ್ತೂ ಇಲ್ಲ. ಹಂಗಂತ ನಾವು ಬರಿಗೈಲೆ ಇದ್ದಿವಿ ಅಂತ ತಿಳೀಬ್ಯಾಡ್ರಿ. ನಮ್ಮ ಅಜ್ಜಿಗಳ ಎಲಿ ಸಂಚಿಯೊಳಗ ಅಡಕೊತ್ತು ಇರತಿತ್ತು. ಅದೂ ಮಡಚತೈತಿ, ಅದಕ್ಕೂ ಅಲಗೈತಿ, ಅದೂ ಮಾಲಕಳ ಜೋಡಿ ಊರೂರು ತಿರಗತೈತಿ. ಗಂಡಸರ ಕಿಸೆಚಾಕುವಿಗೆ ಹೆಣ್ಣಮಕ್ಕಳ ಉತ್ತರ ಅಂದ್ರ ಅಡಕೊತ್ತು ಅಂತ ನಾ ಹೇಳ್ತೀನಿ.

ಕೊಡಗಿನ ಗಂಡಸರು ಈ ವಿಷಯದಾಗ ನಮಗಿಂತ ಮುಂದಿದ್ರು. ಕುಪ್ಯ ತೊಟ್ಟು, ನಡಕ್ಕ ಕೆಂಪು ರೇಷ್ಮಿ ಚೇಲೆ ಸುತ್ತಿ, ಅದರಾಗ ಬೆಳ್ಳಿ ಕೆಲಸದ ಪೀಚೆಕತ್ತಿ ಸಿಗಸ್ತಾರ, ಮದುವಿಗಳೊಳಗ ನೀವೂ ನೋಡಿರಬಹುದು. ಹಳೆ ಪೀಚೆಕತ್ತಿಯ ಒರಿಗೆ ಒಂದು ಬೆಳ್ಳಿ ಸರಪಳಿ, ಆ ಸರಪಳಿ ತುದಿಗೆ ಚಿಮಟಾ, ಕಿವಿ ಕಡ್ಡಿ ಅಂಥಾ ಸಣ್ಣ ಸಣ್ಣ ಸಾಮಾನು ಜೋತಾಡತಾವ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಅನ್ನಾವರು ಚಾಕು, ಸ್ಕ್ರೂ ತಿರುವೂದು, ಡಬ್ಬಿ ತಗಿಯೂದು ಎಲ್ಲಾ ಒಂದರಾಗ ಕೂಡಿಸಿದ ಆಫೀಸರ್ ಚಾಕುವಿನ ಹಕ್ಕು ಬರಸಿಕೊಂಡದ್ದು 1897ರ ಜೂನ್ 12ಕ್ಕ. ಒಂದು ಚಾಕುವಿನ ಜೋಡಿ ನಾಲ್ಕ ಉಪಯೋಗ ಕಟಗೊಂಡು ತಿರಗೂ ಯೋಚನಿ ಕೊಡವರಿಗೆ ಹೊಸಾದಾಗಿರಲಿಲ್ಲ.

ಈಗ ಬೆಳಗಾವಿಗೆ ಬರೂಣು. ಬೆಳಗಾವಿ ಕ್ವಾಟಿ 1818ರಾಗ ಥಾಮಸ್ ಮನ್ರೋನ ಸೈನ್ಯದ ಕೈಸೇರತು. ಆಮ್ಯಾಲ ಇಲ್ಲಿ ದಂಡಿನ ಠಾಣೆ ಬಂತು. ಅದಕ್ಕ ಇವತ್ತಿಗೂ ನಾವು ಕ್ಯಾಂಪ್ ಅಂತನ ಕರೀತೀವಿ. ದಂಡಿನ ಜೋಡಿ ದಂಡಿನ ಸಾಮಾನು ಬಂತು. 1880ರ ದಶಕದಾಗ ರೈಲು ಬಂದ ಮ್ಯಾಲ ವಿಲಾಯತಿ ಸಾಮಾನು ಇನ್ನೂ ಸಲೀಸ ಆತು. ಆಫೀಸಿನ ಕಾರಕೂನರಿಗೆ ಪೆನ್ನು ಕೆತ್ತೂ ಚಾಕು ಬೇಕಿತ್ತು. ಇಂಗ್ಲಿಷಿನ್ಯಾಗ ಇದಕ್ಕ "ಪೆನ್ ನೈಫ್" ಅನ್ನೂದು ಸುಮ್ಮನ ಅಲ್ಲ. ಹಕ್ಕಿ ಗರಿಯಿಂದ ಬರೀತಿದ್ದ ಕಾಲದಾಗ ಗರಿ ತುದಿ ಮತ್ತ ಮತ್ತ ಕೆತ್ತಬೇಕಾಗತಿತ್ತು. ನಮ್ಮ ಕಡೆ ಮೋಡಿ ಲಿಪಿಯೊಳಗ ದಫ್ತರ ಬರೀತಿದ್ದ ಕುಲಕರ್ಣಿಗಳಿಗೂ ಬೋರೂ ಅನ್ನೂ ದಂಟಿನ ಲೇಖಣಿಕಿ ಕೆತ್ತಾಕ ಸಣ್ಣ ಚಾಕು ಬೇಕ ಇತ್ತು. ಮುಂದ ಕಬ್ಬಿಣದ ಟಾಕು ಬಂತು, ಬೋರೂ ಹೋತು. ಆದ್ರ ಸಾಲಿ ಹುಡುಗರ ಪೆನ್ಸಿಲ್ ಬಂತಲ್ಲ, ಚಾಕು ಉಳಕೊಂಡತು.

ಈ ಚಾಕುಗಳ ಮ್ಯಾಲ ಇರತಿದ್ದ ದೊಡ್ಡ ಹೆಸರು ಇಂಗ್ಲಂಡಿನ ಶೆಫೀಲ್ಡ್. ಅಲ್ಲಿ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬಿ ಗುರುತು 1682ರದು. ಇದರಾಗ ನಮ್ಮ ದೇಶದ ಪಾಲೂ ಐತಿ. ಶೆಫೀಲ್ಡಿನವರು ಚಾಕುವಿನ ಹಿಡಿಕಿಗೆ ಬಳಸತಿದ್ದ ಒಳ್ಳೆ ಕೊಂಬು ಹಿಂದೂಸ್ತಾನದ ಕಡವಿದು, ನಾವು ಸಾಂಬರ ಅಂತೀವಲ್ಲ, ಅದರದು. ಕಡವಿ ಕೊಂಬು ವರ್ಷಾ ತಾನ ಉದರತೈತಿ, ಅಡವಿಯೊಳಗ ಬಿದ್ದದ್ದನ್ನ ಆರಿಸಿ ಮಾರತಿದ್ರು. ಜಿಂಕಿ ಕಡವಿ ಕೊಂಬಿನ ರಫ್ತು 1998ರಾಗ ಬಂದ ಆತು. ಅಲ್ಲಿತನಕ ಎಷ್ಟೋ ಕೊಂಬು ನಮ್ಮ ದೇಶದ ಅಡವಿಯಿಂದ ಹಡಗ ಹತ್ತಿ ಹೋಗಿ, ಹಿಡಿಕಿ ಆಗಿ, ಮತ್ತ ಹಡಗ ಹತ್ತಿ ನಮ್ಮ ಪ್ಯಾಟಿಗೆ ಬಂದು ಕುಂತಾವ. ಹತ್ತಿ ಹೋಗಿ ಬಟ್ಟಿ ಬಂದ ಕಥಿ ಎಲ್ಲಾರಿಗೂ ಗೊತ್ತೈತಿ. ಕೊಂಬಿನ ಕಥಿನೂ ಅದರ ತಮ್ಮ.

ಇಷ್ಟ ಚಾಕು ಬಂದ ಮ್ಯಾಲ ಎಣಿಸಾವರೂ ಬರಬೇಕಲ್ಲ. ಮೊದಲ ಎಣಿಸಿದಾಕಿ ಸರಕಾರ. 1857ರ ಗದ್ದಲದ ಹೊತ್ತಿಗೆ ಇಂಗ್ರೇಜರು ಯಾರ ಮನ್ಯಾಗ ಏನ ಆಯುಧ ಐತಿ ತಂದು ತೋರಸ್ರಿ, ಪರವಾನಿಗಿ ತಗೊಳ್ರಿ, ಇಲ್ಲಾ ಒಪ್ಪಿಸ್ರಿ ಅಂತ ಕಾಯ್ದೆ ತಂದ್ರು. ಈಗಿನ ಬಾಗಲಕೋಟಿ ಜಿಲ್ಲಾದ ಹಲಗಲಿ ಅವತ್ತು ಮುಧೋಳ ಸಂಸ್ಥಾನದಾಗ ಇತ್ತು. ಅಲ್ಲಿಯ ಬೇಡರು ಒಲ್ಲಿವಿ ಅಂದ್ರು. ಬ್ಯಾಟಿ ಅವರ ಕಸಬು, ಆಯುಧ ಅವರ ಅನ್ನ, ಆಯುಧ ಅವರ ಮರ್ಯಾದಿ. 1857ರ ನವೆಂಬರದಾಗ ಇಂಗ್ರೇಜರ ದಂಡು ಊರಿಗೆ ನುಗ್ಗತು, ಊರಿಗೆ ಬೆಂಕಿ ಬಿತ್ತು, ಎಷ್ಟೋ ಮಂದಿ ಸತ್ರು, ಸಿಕ್ಕವರನ್ನ ಡಿಸೆಂಬರದಾಗ ಗಲ್ಲಿಗೆ ಹಾಕಿದ್ರು. ಹಲಗಲಿ ಬೇಡರ ಲಾವಣಿ ನಮ್ಮ ಕಡೆ ಇವತ್ತಿಗೂ ಹಾಡತಾರ. ಆ ಬೇಡರಿಗೆ "ನಿಮ್ಮ ಕಡೆ ಎಷ್ಟು ಆಯುಧ ಅದಾವ" ಅನ್ನೂ ಪ್ರಶ್ನೆನ ಅಪಮಾನ ಆಗಿತ್ತು. ಎಣಿಸೂದು ಅಂದ್ರ ಕಸಗೊಳ್ಳೂದರ ಮೊದಲನೇ ಹೆಜ್ಜಿ ಅಂತ ಅವರಿಗೆ ಗೊತ್ತಿತ್ತು.

1878ರಾಗ ಇಡೀ ದೇಶಕ್ಕ ಆಯುಧ ಕಾಯ್ದೆ ಬಂತು. ಕೊಡವರಿಗೆ ಮಾತ್ರ 1861ರಿಂದನ ವಿನಾಯ್ತಿ ಇತ್ತು, ಇವತ್ತಿಗೂ ಬಂದೂಕಿನ ಪರವಾನಿಗಿಯೊಳಗ ಅವರಿಗೆ ವಿನಾಯ್ತಿ ಐತಿ. ಸ್ವಾತಂತ್ರ್ಯ ಬಂದ ಮ್ಯಾಲ 1959ರಾಗ ನಮ್ಮದ ಕಾಯ್ದೆ ಆತು, 1962ರಾಗ ನಿಯಮ ಬಂದ್ವು. ಆ ನಿಯಮದೊಳಗ ಚಾಕುವಿನ ಲೆಕ್ಕ ಮಜಾ ಐತಿ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿದ್ರ ಅದು ಆಯುಧದ ಪಟ್ಟಿಗೆ ಸೇರತೈತಿ. ಮನಿ ಕೆಲಸ, ಒಕ್ಕಲತನ, ವಿಜ್ಞಾನ, ಕಾರ್ಖಾನಿ ಸಲುವಾಗಿ ಮಾಡಿದ್ದಕ್ಕ ಅದು ಹತ್ತೂದಿಲ್ಲ. ಅಂದ್ರ ನಮ್ಮ ಹಲಸಿನ ಈಳಿಗಿ ಎಷ್ಟ ದೊಡ್ಡದಿದ್ರೂ ಈಳಿಗಿನ. ಆ ಸಾಲಿನೊಳಗ ಸರಕಾರ ಹಿಡಿದಿರೂದು ಇಂಚಿನ ಪಟ್ಟಿ. ಹತ್ತು ಸಣ್ಣ ಚಾಕು ಅದರ ಕಣ್ಣಿಗೆ ಬೀಳೂದಿಲ್ಲ, ಒಂದ ದೊಡ್ಡದು ಬೀಳತೈತಿ.

ಚಾಕು ಅಂದ್ರ ಹಿಂದಿ ಸಿನಿಮಾ ನೋಡಿದವರಿಗೆ ರಾಮಪುರಿ ನೆನಪಾಗತೈತಿ. ಗುಂಡಿ ಒತ್ತಿದ್ರ ಟಕ್ ಅಂತ ಅಲಗು ಹೊರಗ. ಉತ್ತರ ಪ್ರದೇಶದ ರಾಮಪುರದ ಕುಶಲಕರ್ಮಿಗಳ ಕೆಲಸ ಅದು. ಸಿನಿಮಾದ ಖಳನಾಯಕರ ಕೈಯಾಗ ಹೆಸರು ಕೆಟ್ಟತು, ಕಾಯ್ದೆ ಬಿಗಿ ಆತು, ಮಾಡೂ ಮಂದಿನೂ ಕಡಿಮಿ ಆದ್ರು. ಈಗ ಅದ ಊರಾಗ 2023ರಾಗ ಒಂದು ಚೌಕಕ್ಕ 20 ಫೂಟ ಉದ್ದದ ಚಾಕು ಮಾಡಿ ನಿಲ್ಲಿಸ್ಯಾರ. ಮಂದಿ ಹೋಗಿ ಫೋಟೋ ತಗಸಿಕೊಳ್ತಾರ. ಮೊದಲ ಕಿಸೆದಾಗ ಮುಚ್ಚಿ ಇಡತಿದ್ದ ಸಾಮಾನು ಈಗ ರಸ್ತಾದ ನಡುವ ನಿಂತೈತಿ.

ಇನ್ನ ಕಾರ್ಖಾನಿಯವರ ಲೆಕ್ಕ. ಶೆಫೀಲ್ಡಿನ ಅದ ರಾಜರ್ಸ್ ಕಂಪನಿಯವರು 1822ರಾಗ ಒಂದು ಚಾಕು ಮಾಡಿದ್ರು. ಇಸವಿ ಎಷ್ಟೋ ಅಲಗು ಅಷ್ಟು, ಅಂದ್ರ 1822 ಅಲಗು! 1851ರಾಗ ಲಂಡನ್ನಿನ ದೊಡ್ಡ ಪ್ರದರ್ಶನಕ್ಕ 75 ಅಲಗು ಮತ್ತು ಸಲಕರಣಿ ಇರೂ ಇನ್ನೊಂದು ಚಾಕು ಮಾಡಿದ್ರು. ಈಗ ಹೇಳ್ರಿ, ಒಬ್ಬಾಕಿ ಕಡೆ 1822 ಅಲಗಿನ ಒಂದ ಚಾಕು ಐತಿ, ಇನ್ನೊಬ್ಬಾಕಿ ಕಡೆ ಒಂದೊಂದ ಅಲಗಿನ ಐವತ್ತು ಚಾಕು ಅದಾವ. ಯಾರ ಸಂಗ್ರಹ ದೊಡ್ಡದು? ಎಣಿಸಿ ಹೇಳಾಕ ಆಗೂದಿಲ್ಲ. ಆ 1822 ಅಲಗಿನ ಚಾಕುಲೆ ಒಂದು ಉಳ್ಳಾಗಡ್ಡಿನೂ ಹೆಚ್ಚಾಕ ಆಗೂದಿಲ್ಲ ಅನ್ನೂದು ಮಾತ್ರ ಖರೆ.

ಮೂರನೇದವರು ಮ್ಯೂಸಿಯಂ ಕಟ್ಟಿದವರು. ನಮ್ಮ ಬೆಳಗಾವಿ ಮಂದಿಗೆ ಪುಣೆ ಅಂದ್ರ ನೆರಮನಿ ಇದ್ದಂಗ. ಅಲ್ಲಿ ಶುಕ್ರವಾರ ಪೇಠದಾಗ ರಾಜಾ ದಿನಕರ ಕೇಳಕರ ಮ್ಯೂಸಿಯಂ ಐತಿ, ಹೋದಾಗ ತಪ್ಪದ ನೋಡ್ರಿ. ದಿನಕರ ಗಂಗಾಧರ ಕೇಳಕರ ಅನ್ನಾವರು (1896-1990) ಕವಿ, ಕನ್ನಡಕದ ವ್ಯಾಪಾರ ಮಾಡತಿದ್ರು. ಅವರ ಮಗ ರಾಜಾ ಸಣ್ಣ ವಯಸ್ಸಿನ್ಯಾಗ ತೀರಿಕೊಂಡ. ಆ ಮಗನ ಹೆಸರ ಮ್ಯಾಲ ಅವರು ಊರೂರು ತಿರಗಿ ಮನಿ ಸಾಮಾನು ಕೂಡಿಸಿದ್ರು. ಬಂಗಾರ ಬೆಳ್ಳಿ ಹುಡಕಲಿಲ್ಲ. ದೀಪ, ಕುಂಕುಮದ ಕರಂಡಿ, ಬಾಗಿಲ, ಹಣಗಿ, ಸೌಟು, ಅಡಕೊತ್ತು. ಹತ್ತಿರ ಹತ್ತಿರ 20,000 ಸಾಮಾನು ಆದ್ವು. 1975ರಾಗ ಎಲ್ಲಾ ಮಹಾರಾಷ್ಟ್ರ ಸರಕಾರಕ್ಕ ಕೊಟ್ಟ ಬಿಟ್ರು.

ಅಲ್ಲಿ ಅಡಕೊತ್ತಿನ ಕಪಾಟಿನ ಮುಂದ ನಾನು ಭಾಳ ಹೊತ್ತು ನಿಂತೆ. ಒಂದು ಕುದುರಿ, ಒಂದು ಗಿಳಿ, ಒಂದು ಗಂಡ ಹೆಂಡತಿ. ಅಡಕಿ ಒಡಿಯಾಕ ಇಷ್ಟ ಚಂದ ಯಾಕ ಬೇಕು ಅಂತ ಕೇಳೂದಿಲ್ಲ ನಾನು. ಚಂದ ಬೇಕ ಬೇಕು. ನನಗ ಹೊಳದದ್ದು ಬ್ಯಾರೆ. ಅಷ್ಟು ಅಡಕೊತ್ತು ಅಂದ್ರ ಅಷ್ಟು ಸಂಚಿ, ಅಷ್ಟು ಅಜ್ಜಿಗಳು. ಸಾಮಾನು ಉಳದಾವ, ಅಜ್ಜಿಗಳ ಹೆಸರು ಉಳದಿಲ್ಲ. ಕೇಳಕರ ಅವರು ಇಲ್ಲದಿದ್ರ ಸಾಮಾನೂ ಉಳೀತಿದ್ದಿಲ್ಲ, ಅದಕ್ಕ ಅವರಿಗೆ ಕೈ ಮುಗೀಬೇಕು. ಆದ್ರ ಮ್ಯೂಸಿಯಂಗೆ 20,000 ಭಾಳ ಆಗೂದಿಲ್ಲ, ಅಲ್ಲಿ ಬರದಿಡಾಕ ರಜಿಸ್ಟರ ಐತಿ, ಕಾಯಾಕ ಮಂದಿ ಅದಾರ. ಮನಿಗೆ ರಜಿಸ್ಟರ ಯಾವುದು? ಮನಿಗೆ ರಜಿಸ್ಟರ ಅಂದ್ರ ಹಿರಿಯರ ಬಾಯಿ.

ಈಗ ನಮ್ಮನಿ ಮಾತಿಗೆ ಬರತೀನಿ. ನಮ್ಮ ಮಾವನವರು ಖಾನಾಪುರ ತಾಲೂಕಿನ ಸಾಲಿಗಳೊಳಗ ಮಾಸ್ತರ ಆಗಿದ್ರು. ತೀರಿಕೊಂಡು ಒಂಬತ್ತ ವರ್ಷ ಆತು. ಹೋದ ವರ್ಷ ಮಳಿಗಾಲ ಮುಗದ ಮ್ಯಾಲ ಖಾನಾಪುರದ ಮನಿ ಖಾಲಿ ಮಾಡಿ ಅತ್ತಿಯವರನ್ನ ಬೆಳಗಾವಿಗೆ ಕರಕೊಂಡು ಬರೂದು ಅಂತ ಠರಾವಾತು. ಅಟ್ಟದ ಮ್ಯಾಲ ಒಂದು ಹಳೆ ಬಿಸ್ಕಿಟ ಡಬ್ಬಿ ಸಿಕ್ತು. ಮುಚ್ಚಳ ತಗದ್ರ ತುಂಬ ಮಡಚೂ ಚಾಕು. ಎಣಿಸಿದಿವಿ, 19 ಇದ್ವು. ಬಾಗಿಲಾಗ ಭಂಗಾರದವನ ಗಾಡಿ ನಿಂತಿತ್ತು. ಅಂವ ತಕ್ಕಡಿಗೆ ಹಾಕಿದ, ಒಂದೂವರಿ ಕಿಲೋ ಆತು, 45 ರೂಪಾಯಿ ಅಂದ.

ಮೈದುನ ಅಂದ, "ಕೊಟ್ಟ ಬಿಡ್ರಿ ವೈನಿ. ಜಂಗ ತಿಂದಾವ. ಹತ್ತೊಂಬತ್ತ ಚಾಕು ಯಾರಿಗೆ ಬೇಕು? ಮನಿ ಅಂದ್ರ ಒಂದ ಎರಡ ಇದ್ರ ಸಾಕು." ನನ್ನ ಮಗ ಪುಣೆದಾಗ ಇರತಾನ, ಅಂವ ಫೋನಿನ್ಯಾಗ ಅಂದ, "ಅವ್ವಾ, ಕೊಡಬ್ಯಾಡ. ಅದು ಅಜ್ಜನ ಸಂಗ್ರಹ." ಮೈದುನನಿಗೆ ಸಿಟ್ಟ ಬಂತು. "ಸಂಗ್ರಹ ಅಂದ್ರ ನೂರಾರು ಇರಬೇಕ. ಇದು ಬರೇ ಡಬ್ಬಿ," ಅಂದ. ನೆಗೆಣ್ಣಿ ಅಂದ್ಲು, ಮಕ್ಕಳಿರೂ ಮನ್ಯಾಗ ಹರಿತ ಸಾಮಾನು ಬ್ಯಾಡ ಅಂತ. ಎಲ್ಲಾರದೂ ಒಂದೊಂದ ರೀತಿಲೆ ಖರೆನ ಇತ್ತು. 45 ರೂಪಾಯಿ ಸಲುವಾಗಿ ಅಣ್ಣತಮ್ಮಂದಿರು ಮುಖ ತಿರುವೂ ಹಂತಕ್ಕ ಬಂತು. ರೊಕ್ಕದ ಜಗಳ ಆಗಿದ್ರ ಹಂಚಿ ಮುಗಸಬಹುದಾಗಿತ್ತು. ಇದು ರೊಕ್ಕದ್ದಲ್ಲ, ಅಪ್ಪನ್ನ ಯಾರು ಎಷ್ಟು ನೆನಸ್ತಾರ ಅನ್ನೂದರ ಜಗಳ.

ನಾನು ಭಂಗಾರದವನಿಗೆ "ನಾಳೆ ಬಾ ಅಣ್ಣಾ" ಅಂತ ಹೇಳಿ ಕಳಸಿ, ಡಬ್ಬಿ ತಗೊಂಡು ಅತ್ತಿಯವರ ಮುಂದ ಕುಂತೆ. ಅವರಿಗೆ ಈಗ 86. ಮುಂಜಾನೆ ಉಂಡದ್ದು ಸಂಜಿಗೆ ನೆನಪಿರೂದಿಲ್ಲ. ನನ್ನ ಹೆಸರೂ ಒಮ್ಮೊಮ್ಮೆ ತಪ್ಪತೈತಿ. ಒಂದೊಂದ ಚಾಕು ಒರಸಿ ಅವರ ಕೈಯಾಗ ಇಟ್ಟೆ. ಚಾಕು ಕೈಲೆ ಕೈಗೆ ಕೊಡಬಾರದು ಅಂತಾರಲ್ಲ, ಅವರು ಅದನ್ನ ಮರತಿದ್ದಿಲ್ಲ. "ನೆಲಕ್ಕ ಇಡವಾ, ನಾ ತಗೋತೀನಿ," ಅಂದ್ರು.

ಮೊದಲನೇದು ದಪ್ಪ ಕರಿ ಹಿಡಿಕಿದು, ಒಂದು ಅಲಗು, ಡಬ್ಬಿ ತಗಿಯೂದು, ಹಗ್ಗದ ಗಂಟು ಬಿಚ್ಚೂ ಮೊಳಿ. ಹಿಡದ ಕೂಡಲೆ "ಇದು ದೊಡ್ಡ ಭಾವನವರದು, ದಂಡಿನ್ಯಾಗ ಕೊಟ್ಟಿದ್ದು," ಅಂದ್ರು. ನಮ್ಮ ಊರಾಗ ಮರಾಠಾ ರೆಜಿಮೆಂಟಿನ ಕೇಂದ್ರ ಬಂದದ್ದು 1922ರಾಗ, ಈ ಭಾಗದ ಎಷ್ಟೋ ಮನಿ ಗಂಡಮಕ್ಕಳು ಅಲ್ಲಿಂದನ ದೂರ ದೂರದ ಯುದ್ಧಕ್ಕ ಹೋಗಿ ಬಂದಾರ. ಆಮ್ಯಾಲ ಕೊಂಬಿನ ಹಿಡಿಕಿಯ ಎರಡು, ಒಂದರ ಸ್ಪ್ರಿಂಗ್ ಮುರದಿತ್ತು. "ಮುರದದ್ದು ನಮ್ಮ ಮಾವನವರದು. ಇನ್ನೊಂದು ನನ್ನ ಅಪ್ಪ ಅಳಿಯಾಗ ಕೊಟ್ಟಿದ್ದು," ಅಂದ್ರು. ಬಾಗಿದ ಅಲಗಿನದು ಮಾವಿನ ಗಿಡಕ್ಕ ಕಸಿ ಕಟ್ಟೂ ಚಾಕು. ಹಿತ್ತಾಳಿ ಮೀನಿನ ಆಕಾರದ್ದು ಜಾತ್ರ್ಯಾಗ ತಗೊಂಡದ್ದು, ಅದಕ್ಕ ಇಬ್ಬರೂ ಜಗಳ ಆಡಿದ್ರಂತ, "ಕುಪ್ಪಸದ ಬಟ್ಟಿ ತಗೊಳ್ಳೂ ರೊಕ್ಕದಾಗ ಮೀನ ತಂದ್ರು ನೋಡು," ಅಂತ ಅರವತ್ತ ವರ್ಷದ ಸಿಟ್ಟು ಮತ್ತ ಮಾರಿ ಮ್ಯಾಲ ಬಂತು. ನಾಲ್ಕು ಸಣ್ಣ ಚಾಕು ಸಾಲಿ ಹುಡುಗರ ಪೆನ್ಸಿಲ್ ಕೆತ್ತೂದಕ್ಕ. ಮಾವನವರು ದಿನಾ ಮುಂಜಾನೆ ಪ್ರಾರ್ಥನಾ ಮುಗದ ಮ್ಯಾಲ ಎಲ್ಲಾ ಹುಡುಗರ ಪೆನ್ಸಿಲ್ ತಾವ ಕೆತ್ತಿ ಕೊಡತಿದ್ರಂತ, ಹುಡುಗರ ಕೈಯಾಗ ಬ್ಲೇಡು ಕೊಡತಿದ್ದಿಲ್ಲಂತ. ಇದು ನನಗೂ ಗೊತ್ತಿದ್ದಿಲ್ಲ, ಅವರ ಮಕ್ಕಳಿಗೂ ಗೊತ್ತಿದ್ದಿಲ್ಲ. ಮೈದುನ ಬಾಗಿಲಾಗ ನಿಂತು ಕೇಳತಿದ್ದಾಂವ ಒಳಗ ಬಂದು ಕುಂತ.

ಹಿಂಗ 16 ಆದ್ವು. ಸಂತ್ಯಾಗ ತಗೊಂಡ ಕಟ್ಟಿಗಿ ಹಿಡಿಕಿಯ ಮೂರು, ಯಾವುದೋ ಅಂಗಡಿಯವರು ದೀಪಾವಳಿಗೆ ಕೊಟ್ಟ ಕೀಲಿಕೈ ಗೊಂಚಲಿನ ಎರಡು, ಕೆಂಪು ಪ್ಲಾಸ್ಟಿಕ್ಕಿಂದು, ಗುಂಡಿ ಒತ್ತೂದು, ಎಲ್ಲಾದಕ್ಕೂ ಒಂದು ಮಾತಿತ್ತು. ಉಳದ ಮೂರು ಚಾಕು ಕೈಯಾಗ ಹಿಡದು ತಿರುವಿ ತಿರುವಿ ನೋಡಿದ್ರು. "ಇವು ನಮ್ಮವಲ್ಲ ಬಿಡವಾ," ಅಂದ್ರು. ಮರದಿನಾನೂ ತೋರಿಸಿದೆ, ಅದ ಮಾತು. ಮೂರನೇ ದಿನಾನೂ ಅದ.

ಆವಾಗ ನನಗ ಈ ಪ್ರಶ್ನೆಕ್ಕ ಉತ್ತರ ಸಿಕ್ತು. ಹತ್ತೊಂಬತ್ತ ಭಾಳೋ ಕಡಿಮಿಯೋ ಅನ್ನೂದು ಬರೇ ಎಣಿಕಿ ಮ್ಯಾಲ ಇಲ್ಲ. ಗೊತ್ತಿದ್ದ 16 ಭಾಳ ಅಲ್ಲ. ಗೊತ್ತಿಲ್ಲದ 3 ಭಾಳ. ಮನ್ಯಾಗಿನ ಸಂಗ್ರಹ ಹೆಸರು ಹೇಳಿ ಕರಿಯಾಕ ಬರೂತನಕ ಸಣ್ಣದ. ಬಾಯಿ ಎಲ್ಲಿ ನಿಂತತು, ಅಲ್ಲಿಂದ ಅದು ದೊಡ್ಡದಾಗಾಕ ಶುರು ಆತು. ದೊಡ್ಡದಾತು ಅಂದ್ರ ಭಂಗಾರಕ್ಕ ಹತ್ತಿರ ಆತು. ಅತ್ತಿಯವರ ನೆನಪು ಇನ್ನೊಂದ ವರ್ಷ ಸವೆದಿದ್ರ ಹತ್ತೊಂಬತ್ತಕ್ಕ ಹತ್ತೊಂಬತ್ತೂ ಭಾಳ ಆಗತಿದ್ವು.

16 ಚಾಕುವಿಗೆ ಚೀಟಿ ಬರದು ದಾರದಲೆ ಕಟ್ಟಿದೆ. ಯಾರದು, ಎಲ್ಲಿಂದು, ಯಾವ ಕೆಲಸದ್ದು, ಮೂರ ಸಾಲು. ಮೈದುನ ಪೆನ್ಸಿಲ್ಲಿನ ನಾಲ್ಕರಾಗ ಎರಡು ಬೇಡಿ ತಗೊಂಡ, ಅವನ ಮಗಳು ಚಿತ್ರ ತಗೀತಾಳ. ಕಸಿ ಚಾಕು ತೋಟ ಇರೂ ನಾದಿನಿಗೆ ಹೋತು. ದಂಡಿನ ಚಾಕು ನನ್ನ ಮಗನಿಗೆ. ಹಿತ್ತಾಳಿ ಮೀನ ಅತ್ತಿಯವರು ಯಾರಿಗೂ ಕೊಡಲಿಲ್ಲ, ತಮ್ಮ ತಲಿದಿಂಬಿನ ಕೆಳಗ ಇಟಗೊಂಡ್ರು. ಬಾಣಂತಿ ತಲಿದಿಂಬಿನ ಕೆಳಗ ಕಬ್ಬಿಣ ಇಡೂದು ನೋಡಿದ್ದೆ, ಹಿತ್ತಾಳಿ ಇಡೂದು ಅವತ್ತ ನೋಡಿದೆ. ಗೊತ್ತಿಲ್ಲದ ಆ ಮೂರು ಚಾಕು ಓಣ್ಯಾಗ ಸೈಕಲ್ ಮ್ಯಾಲ ಸಾಣಿ ಹಿಡ್ಯಾಕ ಬರಾಂವಗ ಕೊಟ್ಟೆ. ಅಂವ ಮಸದು ಹೊಸಾ ಮಾಡಿ ಯಾರಿಗೋ ಕೊಡತಾನ. ಮೊದಲ ಕಂಬಾರ ಮಾಡತಿದ್ದ ಕೆಲಸ ಅದ ಅಲ್ಲೇನ್ರಿ?

ನಿಮ್ಮ ಮನ್ಯಾಗೂ ಇಂಥಾ ಡಬ್ಬಿ ಇದ್ರ ಎರಡ ಮಾತು ಹೇಳ್ತೀನಿ. ಹಳೆ ಅಲಗು ಉಕ್ಕಿನವು, ಸ್ಟೇನಲೆಸ್ ಅಲ್ಲ. ಜಂಗ ಹತ್ತದ ಉಕ್ಕನ್ನ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ 1913ರಾಗ ಮಾಡಿದ್ರು, ಅದು ನಮ್ಮ ಮನಿಗಳಿಗೆ ಮುಟ್ಟಾಕ ಭಾಳ ವರ್ಷ ಹಿಡೀತು. ಹಳೆ ಅಲಗು ಮಾವಿನಕಾಯಿ, ಲಿಂಬಿಹಣ್ಣು ಹೆಚ್ಚಿದ್ರ ಕರ‍್ರಗ ಆಗತೈತಿ, ಅದು ಕೆಟ್ಟದ್ದಲ್ಲ, ಹಂಗ ಬಿಡ್ರಿ. ಕೆಂಪು ಜಂಗು ಮಾತ್ರ ಒರಸಿ ತಗದು, ಒಣಗಿಸಿ, ಎಣ್ಣಿ ಕೈ ಸವರಿ ಇಡ್ರಿ. ತೊಗಲಿನ ಚೀಲದಾಗ ಮುಚ್ಚಿ ಇಡಬ್ಯಾಡ್ರಿ, ತೊಗಲು ಥಂಡಿ ಹಿಡೀತೈತಿ. ಮಡಚೂ ಕೀಲಿಗೆ ಒಂದ ಹನಿ ಎಣ್ಣಿ ಸಾಕು.

ಎರಡನೇದು, ದಸರೆಯ ಖಂಡೇ ಪೂಜಿಗೆ ನಾವು ಹೆಂಗೂ ಕುಡಗೋಲು, ಈಳಿಗಿ, ಹೊಲಿಗಿ ಮಶೀನು, ಗಾಡಿ ಎಲ್ಲಾ ತೊಳದು ಕುಂಕುಮ ಹಚ್ಚತೀವಿ. ಅವತ್ತ ಆ ಡಬ್ಬಿನೂ ತಗದು ಚಾಪಿ ಮ್ಯಾಲ ಸಾಲಾಗಿ ಇಡ್ರಿ. ಮನ್ಯಾಗಿನ ಹಿರಿಯರನ್ನ ಹತ್ತಿರ ಕುಂಡರಿಸಿ, ಮಕ್ಕಳನ್ನ ಮುಂದ ಕುಂಡರಿಸಿ ಒಂದೊಂದಕ್ಕ "ಇದು ಯಾರದು" ಅಂತ ಕೇಳ್ರಿ. ನಾಲ್ಕಕ್ಕ ಮಾತು ನಿಂತ್ರ ನಿಮ್ಮ ಮನಿಗೆ ಐದನ ಭಾಳ. ನಲವತ್ತಕ್ಕೂ ನಿಲ್ಲಲಿಲ್ಲ ಅಂದ್ರ ಯಾರ ಏನ ಅಂದ್ರೂ ಒಂದೂ ಕೊಡಬ್ಯಾಡ್ರಿ.